ಗೂಗಲ್‌ನಲ್ಲಿ ಸಿಕ್ಕ ಕೋಟೆ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ನೆಟ್‌ನಲ್ಲಿ ಸಿಗುವ ಫೋಟೊ, ಹಾಡು, ಪುಸ್ತಕ ಬಳಸಬಹುದಾ, ಬಳಸಿದರೆ ಯಾರನ್ನು ಕೇಳಬೇಕು, ನಮ್ಮದನ್ನು ಬೇರೆಯವರಿಗೆ ಕೊಡುವುದಾದರೆ ಹೇಗೆ ಕೊಡಬೇಕು ಅಂತ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇದನ್ನೇ ಹಿಡಿದಿದ್ದೇನೆ. ಮೊದಲ ಉತ್ತರ ಸ್ವಲ್ಪ ಉದ್ದ ಇದೆ, ಆದರೆ ಅದನ್ನು ಓದಿಕೊಂಡರೆ ಉಳಿದದ್ದು ಸಲೀಸು.

ಪ್ರಶ್ನೆ: ಅಣ್ಣಾ, ಮಂಡಿಪೇಟೆ ಹತ್ತಿರ ನಂದೊಂದು ಡಿಟಿಪಿ, ಫ್ಲೆಕ್ಸ್ ಅಂಗಡಿ ಇದೆ. ಒಬ್ಬ ಗಿರಾಕಿಗೆ 500 ಕ್ಯಾಲೆಂಡರ್ ಮಾಡಿಕೊಟ್ಟೆ. ಅದಕ್ಕೆ ಚಿತ್ರದುರ್ಗದ ಕೋಟೆ ಫೋಟೊವನ್ನು ಗೂಗಲ್‌ನಲ್ಲಿ ಹುಡುಕಿ ಹಾಕಿದ್ದೆ. ಈಗ ಫೋಟೊ ತೆಗೆದವರು ಫೋನ್ ಮಾಡಿ, 'ನನ್ನ ಫೋಟೊ ಸಿಸಿ ಬೈ-ಎಸ್ಎ ಲೈಸೆನ್ಸ್‌ನಲ್ಲಿದೆ, ನೀವು ಷರತ್ತು ಪಾಲಿಸಿಲ್ಲ' ಅಂತಾರೆ. ಫ್ರೀ ಅಂತಲೂ ಅವರೇ ಹೇಳ್ತಾರೆ, ತಪ್ಪು ಅಂತಲೂ ಅವರೇ ಹೇಳ್ತಾರೆ. ಕೋಟೆ ನಮ್ಮೆಲ್ಲರದ್ದು ತಾನೇ? ಈಗ ನಾನೇನು ಮಾಡಲಿ?
– ಫ್ಲೆಕ್ಸ್ ಅಂಗಡಿಯವರು, ದಾವಣಗೆರೆ

ಕೋಟೆ ನಮ್ಮೆಲ್ಲರದ್ದು ತಮ್ಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋಟೊ ಕೋಟೆಯಲ್ಲ. ಯಾರೋ ಒಬ್ಬರು ಕತ್ತಲಿದ್ದಾಗಲೇ ಎದ್ದು, ಬೆಟ್ಟ ಹತ್ತಿ, ಬತೇರಿಯ ಮೇಲೆ ಬಿಸಿಲು ಬೀಳುವವರೆಗೆ ಕಾದು, ಎಲ್ಲಿ ನಿಂತರೆ ಚೆನ್ನ ಅಂತ ಯೋಚನೆ ಮಾಡಿ ತೆಗೆದದ್ದು ಅದು. ಆ ಕೆಲಸ ಅವರದು. ನಮ್ಮ ಕಾಪಿರೈಟ್ ಕಾಯ್ದೆ 1957ರದು. ಅದರ ಪ್ರಕಾರ ಫೋಟೊ ತೆಗೆದ ಗಳಿಗೆಯಿಂದಲೇ ಅದರ ಮೇಲೆ ಹಕ್ಕು ಹುಟ್ಟುತ್ತದೆ. ಎಲ್ಲೂ ನೋಂದಣಿ ಮಾಡಿಸಬೇಕಿಲ್ಲ, ಮೂಲೆಯಲ್ಲಿ ಗುರುತು ಹಾಕಬೇಕಿಲ್ಲ. ಗೂಗಲ್ ಬರೀ ಹುಡುಕಿ ತೋರಿಸುತ್ತದೆ. ಅಲ್ಲಿ ಕಂಡ ಫೋಟೊ ಗೂಗಲ್‌ನದೂ ಅಲ್ಲ, ಕಂಡವರದೂ ಅಲ್ಲ.

ಹಾಗಾದರೆ ಫ್ರೀ ಅಂದರೇನು? ನಿಮ್ಮ ಗೊಂದಲ ಇರುವುದು ಇಲ್ಲೇ. ಹೊಲದ ಬದುವಿನ ಮೇಲೆ ಒಂದು ಹುಣಸೆಮರ ಇದೆ ಅಂದುಕೊಳ್ಳಿ. ಮರದವರು ಒಂದು ಹಲಗೆ ನೇತು ಹಾಕಿದ್ದಾರೆ: 'ಹಣ್ಣು ಯಾರು ಬೇಕಾದರೂ ಆರಿಸಿಕೊಳ್ಳಿ, ಕೊಂಬೆ ಮುರಿಯಬೇಡಿ.' ಮರ ಈಗಲೂ ಅವರದೇ. ಪ್ರತಿ ಸಲ ಮನೆ ಬಾಗಿಲಿಗೆ ಹೋಗಿ ಕೇಳುವ ಕೆಲಸ ನಮಗೆ ತಪ್ಪಿತು, ಅಷ್ಟೇ. ಆದರೆ ಹಲಗೆಯ ಮೇಲಿನ ಮಾತು ಮೀರಿದರೆ ಕೇಳುವ ಹಕ್ಕು ಅವರಿಗೆ ಇದ್ದೇ ಇದೆ.

ಕ್ರಿಯೇಟಿವ್ ಕಾಮನ್ಸ್ ಅಂದರೆ ಇಂಥ ಹಲಗೆಯನ್ನು ಕಾನೂನಿನ ಭಾಷೆಯಲ್ಲಿ ಬರೆದುಕೊಟ್ಟ ಸಂಸ್ಥೆ. ಅಮೆರಿಕದಲ್ಲಿ ಲಾರೆನ್ಸ್ ಲೆಸಿಗ್ ಎಂಬ ಕಾನೂನು ಪ್ರೊಫೆಸರ್ ಮತ್ತು ಅವರ ಜೊತೆಯವರು 2001ರಲ್ಲಿ ಅದನ್ನು ಶುರು ಮಾಡಿದರು. 2002ರ ಡಿಸೆಂಬರ್‌ನಲ್ಲಿ ಮೊದಲ ಲೈಸೆನ್ಸ್‌ಗಳು ಬಂದವು. ಈಗ ಚಾಲ್ತಿಯಲ್ಲಿರುವ 4.0 ಆವೃತ್ತಿ 2013ರದು. 'ಸಿಸಿ' ಅನ್ನುವುದು ಆ ಸಂಸ್ಥೆಯ ಹೆಸರಿನ ಗುರುತು, ಅದರ ಮುಂದೆ ಬರುವ ಅಕ್ಷರಗಳು ಷರತ್ತುಗಳು. ಇರುವುದು ನಾಲ್ಕೇ. 'ಬೈ' ಅಂದರೆ ನನ್ನ ಹೆಸರು ಹೇಳಿ. 'ಎಸ್ಎ' ಅಂದರೆ ನನ್ನದನ್ನು ಬದಲಾಯಿಸಿ ಹೊಸದು ಮಾಡಿದರೆ ಅದನ್ನೂ ಇದೇ ಷರತ್ತಿನಲ್ಲಿ ಬೇರೆಯವರಿಗೆ ಬಿಡಿ. 'ಎನ್‌ಸಿ' ಅಂದರೆ ದುಡ್ಡು ಮಾಡುವ ಕೆಲಸಕ್ಕೆ ಬೇಡ. 'ಎನ್‌ಡಿ' ಅಂದರೆ ಬದಲಾಯಿಸಿದ್ದನ್ನು ಹಂಚಬೇಡಿ, ಇದ್ದದ್ದು ಇದ್ದ ಹಾಗೇ ಹಂಚಿ. ಇವನ್ನೇ ಹಿಂದೆ ಮುಂದೆ ಜೋಡಿಸಿದರೆ ಆರು ಲೈಸೆನ್ಸ್ ಆಗುತ್ತವೆ. ಆರರಲ್ಲೂ 'ಬೈ' ಇದೆ. ಅಂದರೆ ಹೆಸರು ಹೇಳುವುದು ಯಾವುದರಲ್ಲೂ ತಪ್ಪುವುದಿಲ್ಲ. ಇದರ ಹೊರಗೆ 'ಸಿಸಿ ಝೀರೊ' ಅಂತ ಇನ್ನೊಂದಿದೆ, ಅದು 'ನನಗೆ ಯಾವ ಹಕ್ಕೂ ಬೇಡ, ಹೆಸರೂ ಬೇಡ' ಅಂತ ಬಿಟ್ಟುಕೊಡುವವರಿಗೆ.

ಈಗ ನಿಮ್ಮ ಕ್ಯಾಲೆಂಡರ್‌ಗೆ ಬರೋಣ. ಬೈ-ಎಸ್ಎ ಲೈಸೆನ್ಸ್‌ನಲ್ಲಿ 'ಎನ್‌ಸಿ' ಇಲ್ಲ. ಹಾಗಾಗಿ ನೀವು ದುಡ್ಡು ತಗೊಂಡು ಮಾಡಿಕೊಟ್ಟಿದ್ದು ತಪ್ಪಲ್ಲ. ತಪ್ಪಿದ್ದು ಹೆಸರು. ಫೋಟೊದ ಕೆಳಗೋ, ಕೊನೆಯ ಹಾಳೆಯಲ್ಲೋ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸಾಕಿತ್ತು: ಫೋಟೊ ತೆಗೆದವರ ಹೆಸರು, ಎಲ್ಲಿಂದ ತಗೊಂಡದ್ದು, ಸಿಸಿ ಬೈ-ಎಸ್ಎ 4.0, ಆ ಲೈಸೆನ್ಸ್ ಸಿಗುವ ವೆಬ್ ವಿಳಾಸ, ಮತ್ತು ನೀವೇನಾದರೂ ಅಂಚು ಕತ್ತರಿಸಿದ್ದರೆ, ಬಣ್ಣ ಬದಲಾಯಿಸಿದ್ದರೆ ಆ ಮಾತು. ಇಷ್ಟಕ್ಕೆ ಒಂದು ಬೆರಳಿನಗಲ ಜಾಗ ಬೇಡ.

ಎಸ್ಎ ವಿಷಯದಲ್ಲಿ ಜನ ಸುಮ್ನೆ ಹೆದರುತ್ತಾರೆ. ನನ್ನ ಕ್ಯಾಲೆಂಡರ್ ಪೂರ್ತಿ ಎಲ್ಲರ ಸ್ವತ್ತಾಗಿಬಿಡುತ್ತಾ ಅಂತ. ಹಾಗೇನಿಲ್ಲ. ಫೋಟೊವನ್ನು ಇದ್ದ ಹಾಗೇ ಒಂದು ಹಾಳೆಯಲ್ಲಿ ಕೂರಿಸಿದ್ದರೆ ಉಳಿದ ಹಾಳೆಗಳಿಗೆ, ಗಿರಾಕಿಯ ಅಂಗಡಿಯ ಹೆಸರಿಗೆ, ನಿಮ್ಮ ವಿನ್ಯಾಸಕ್ಕೆ ಅದು ಅಂಟುವುದಿಲ್ಲ. ಆದರೆ ಆ ಕೋಟೆಯನ್ನು ಫೋಟೊಶಾಪ್‌ನಲ್ಲಿ ಕತ್ತರಿಸಿ, ಹಿಂದೆ ಬೇರೆ ಆಕಾಶ ಹಾಕಿ, ಮುಂದೆ ಮದಕರಿ ನಾಯಕನ ಚಿತ್ರ ಕೂರಿಸಿ ಹೊಸದೊಂದು ಚಿತ್ರ ಮಾಡಿದ್ದರೆ, ಆ ಹೊಸ ಚಿತ್ರವನ್ನು ನೀವೂ ಅದೇ ಲೈಸೆನ್ಸ್‌ನಲ್ಲಿ ಬಿಡಬೇಕು. ಇನ್ನೊಬ್ಬ ಫ್ಲೆಕ್ಸ್‌ನವನು ಅದನ್ನು ನಿಮ್ಮಿಬ್ಬರ ಹೆಸರು ಹಾಕಿ ಬಳಸಿದರೆ ಬೇಡ ಅನ್ನುವ ಹಾಗಿಲ್ಲ.

ಈಗೇನು ಮಾಡಬೇಕು? ಮೊದಲು ಮೂಲ ಪುಟಕ್ಕೆ ಹೋಗಿ ಲೈಸೆನ್ಸ್‌ನ ಆವೃತ್ತಿ ನೋಡಿ. 4.0 ಆಗಿದ್ದರೆ ಅದರಲ್ಲೊಂದು ಒಳ್ಳೆಯ ಮಾತಿದೆ. ಷರತ್ತು ಮುರಿದ ಕೂಡಲೇ ನಿಮ್ಮ ಅನುಮತಿ ಹೋಗುತ್ತದೆ, ಆದರೆ ತಪ್ಪು ಗೊತ್ತಾದ 30 ದಿನದೊಳಗೆ ಸರಿ ಮಾಡಿದರೆ ಅದು ತಾನಾಗಿಯೇ ವಾಪಸ್ ಬರುತ್ತದೆ. ಹಾಗಂತ ಹಿಂದಿನ ತಪ್ಪಿಗೆ ಪರಿಹಾರ ಕೇಳುವ ಅವರ ಹಕ್ಕು ಹೋಗುವುದಿಲ್ಲ, ಅದೂ ನೆನಪಿರಲಿ. 3.0 ಅಥವಾ ಅದಕ್ಕಿಂತ ಹಳೆಯದಾಗಿದ್ದರೆ ಈ 30 ದಿನದ ಅವಕಾಶ ಇಲ್ಲ, ಅವರನ್ನೇ ಕೇಳಿ ಹೊಸದಾಗಿ ಒಪ್ಪಿಗೆ ತಗೋಬೇಕು. ಇನ್ನೂ ಹಂಚದೆ ಉಳಿದ ಕ್ಯಾಲೆಂಡರ್‌ಗಳಿಗೆ ಹೆಸರಿನ ಸ್ಟಿಕ್ಕರ್ ಅಂಟಿಸಿ. ಅಂಗಡಿಯ ವಾಟ್ಸಾಪ್ ಸ್ಟೇಟಸ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಅದೇ ವಿನ್ಯಾಸ ಹಾಕಿದ್ದರೆ ಅಲ್ಲೂ ಸೇರಿಸಿ. ಆಮೇಲೆ ಅವರಿಗೆ ನೀವೇ ಫೋನ್ ಮಾಡಿ, ಏನೇನು ಸರಿ ಮಾಡಿದೆ ಅಂತ ಹೇಳಿ. ಗಿರಾಕಿಗೂ ಹೇಳಿ, ಅವರ ಹೆಸರೂ ಆ ಕ್ಯಾಲೆಂಡರ್ ಮೇಲಿದೆಯಲ್ವಾ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ದುರ್ಗದಲ್ಲಿ ಒಂದು ಸ್ಮರಣ ಸಂಚಿಕೆ ಮಾಡುವಾಗ ಗೋಪಾಲಸ್ವಾಮಿ ಹೊಂಡದ ಒಂದು ಫೋಟೊ ಹಾಕಿದ್ದೆವು. ಯಾರೋ ಕಳಿಸಿದ್ದು, ಹೆಸರು ಇರಲಿಲ್ಲ, ನಾನೂ ವಿಚಾರಿಸಲಿಲ್ಲ. ಬಿಡುಗಡೆಯ ದಿನ ಒಬ್ಬ ಹಿರಿಯರು ಬಂದು ಆ ಪುಟ ತೆಗೆದು ನನ್ನ ಮುಂದೆ ಹಿಡಿದರು. ದುಡ್ಡು ಕೇಳಲಿಲ್ಲ. 'ಇದು ನಾನು ತೆಗೆದಿದ್ದು, ಮೊಮ್ಮಗಳಿಗೆ ತೋರಿಸಬೇಕು ಅಂದರೆ ನನ್ನ ಹೆಸರೇ ಇಲ್ಲವಲ್ಲಪ್ಪಾ' ಅಂದರು. ಅಷ್ಟೂ ಪ್ರತಿಗಳಲ್ಲಿ ಕೈಯಿಂದ ಹೆಸರು ಬರೆದು ಹಂಚಿದೆವು. ನಿಮ್ಮ ಪತ್ರಕ್ಕೆ ಇಷ್ಟುದ್ದ ಉತ್ತರ ಬರೆಯಲು ಅದೇ ಕಾರಣ.

ಮುಂದಿನ ಸಲಕ್ಕೆ ಒಂದು ದಾರಿ: ಗೂಗಲ್‌ನಲ್ಲಿ ಚಿತ್ರ ಹುಡುಕುವಾಗ ಟೂಲ್ಸ್ ಒತ್ತಿದರೆ ಬಳಕೆ ಹಕ್ಕಿನ ಆಯ್ಕೆ ಬರುತ್ತದೆ. ಅಲ್ಲಿ ಕ್ರಿಯೇಟಿವ್ ಕಾಮನ್ಸ್ ಆರಿಸಿ. ಆದರೂ ಅದನ್ನೇ ನಂಬಿ ಕೂರಬೇಡಿ. ಮೂಲ ಪುಟ ತೆಗೆದು, ಲೈಸೆನ್ಸ್ ಕಣ್ಣಾರೆ ನೋಡಿ, ಆ ಪುಟದ ಒಂದು ಸ್ಕ್ರೀನ್‌ಶಾಟ್ ಕೆಲಸದ ಫೋಲ್ಡರ್‌ನಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳಿಗೆ ಚಟುವಟಿಕೆ ಹಾಳೆ ಮಾಡಲು 'ಎನ್‌ಸಿ' ಇರುವ ಚಿತ್ರಗಳನ್ನು ತಗೊಂಡಿದ್ದೇನೆ. ಜೆರಾಕ್ಸ್ ಅಂಗಡಿಯವರು ದುಡ್ಡು ತಗೋತಾರಲ್ಲ, ಅದು ವ್ಯಾಪಾರ ಆಗುತ್ತಾ? ಬೇಸಿಗೆ ಶಿಬಿರದಲ್ಲಿ ಇದನ್ನೇ ಪುಸ್ತಕ ಮಾಡಿ ಮಾರಬಹುದಾ?
– ಶಿಕ್ಷಕಿ, ಹೊಳಲ್ಕೆರೆ

ಮೇಡಂ, ಮೊದಲನೆಯದಕ್ಕೆ ಚಿಂತೆ ಬೇಡ. ಎನ್‌ಸಿ ಅನ್ನುವುದು ಬಳಸುವ ಉದ್ದೇಶವನ್ನು ನೋಡುತ್ತದೆ. ಬಳಸುವವರು ಶಾಲೆಯೋ ಕಂಪನಿಯೋ ಅನ್ನುವುದು ಆಮೇಲಿನ ಮಾತು. ನಿಮ್ಮ ಉದ್ದೇಶ ಪಾಠ. ಜೆರಾಕ್ಸ್ ಅಂಗಡಿಯವರು ನಿಮ್ಮ ಪರವಾಗಿ ಯಂತ್ರ ಒತ್ತುತ್ತಾರೆ ಅಷ್ಟೇ. ಇದೇ ಪ್ರಶ್ನೆ ಅಮೆರಿಕದಲ್ಲಿ ಕೋರ್ಟಿಗೇ ಹೋಗಿತ್ತು. ಎನ್‌ಸಿ ಲೈಸೆನ್ಸ್ ಇದ್ದ ಪಠ್ಯವನ್ನು ಶಾಲೆಗಳಿಗಾಗಿ ಜೆರಾಕ್ಸ್ ಮಾಡಿಕೊಟ್ಟ ಫೆಡೆಕ್ಸ್ ಕಂಪನಿಯ ಮೇಲೆ ಪ್ರಕಾಶಕರು ಕೇಸ್ ಹಾಕಿದ್ದರು. ಶಾಲೆ ಹೇಳಿದ್ದನ್ನು ಅಂಗಡಿ ಮಾಡಿಕೊಟ್ಟರೆ ಲೈಸೆನ್ಸ್ ಮುರಿದ ಹಾಗಲ್ಲ ಅಂತ 2018ರಲ್ಲಿ ಅಲ್ಲಿಯ ಮೇಲ್ಮನವಿ ಕೋರ್ಟ್ ಹೇಳಿತು. ನಮ್ಮಲ್ಲೂ ಪಾಠಕ್ಕಾಗಿ ಪ್ರತಿ ಮಾಡಿಕೊಳ್ಳಲು ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ದೊಡ್ಡ ಪ್ರಕಾಶಕರು ಕೇಸ್ ಹಾಕಿದಾಗ ದೆಹಲಿ ಹೈಕೋರ್ಟ್ 2016ರಲ್ಲಿ ಇದೇ ಸೆಕ್ಷನ್ ಹಿಡಿದು ಓದುವವರ ಪರವಾಗಿ ಮಾತಾಡಿತು.

ಎರಡನೆಯದು ಬೇರೆ. ಶಿಬಿರದಲ್ಲಿ ಪುಸ್ತಕ ಮಾರಿ ಲಾಭ ಬರುವ ಹಾಗಿದ್ದರೆ ಎನ್‌ಸಿ ಚಿತ್ರ ಬೇಡ, ತೆಗೆದುಬಿಡಿ. ಬರೀ ಜೆರಾಕ್ಸ್ ಖರ್ಚನ್ನು ಮಕ್ಕಳ ನಡುವೆ ಹಂಚಿದರೆ ಅದನ್ನು ಯಾರೂ ವ್ಯಾಪಾರ ಅನ್ನಲಾರರು ಅಂತ ನನ್ನ ಅಭಿಪ್ರಾಯ, ಆದರೂ ಅನುಮಾನ ಇದ್ದರೆ ಚಿತ್ರದವರಿಗೆ ಒಂದು ಮೇಲ್ ಹಾಕಿ. ಲೈಸೆನ್ಸ್ ಕೊಡದಿದ್ದನ್ನೂ ಅವರು ಬೇರೆಯಾಗಿ ಕೊಡಬಹುದು, ಎಷ್ಟೋ ಸಲ ಶಾಲೆ ಅಂದ ಕೂಡಲೇ ಕೊಡುತ್ತಾರೆ.

ನಿಮಗೆ ಇನ್ನೂ ಒಳ್ಳೆಯ ಜಾಗ ಹೇಳುತ್ತೇನೆ. ಮಕ್ಕಳ ಪುಸ್ತಕ ಹೊರತರುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅಂತ ಒಂದು ವೆಬ್‌ಸೈಟ್ ಶುರು ಮಾಡಿದ್ದಾರೆ. ಮಕ್ಕಳ ಚಿತ್ರಕಥೆಗಳು, ಕನ್ನಡದಲ್ಲೂ ಇವೆ. ಅವು ಸಿಸಿ ಬೈ ಲೈಸೆನ್ಸ್‌ನಲ್ಲಿವೆ. ಅಂದರೆ ನೀವು ಮುದ್ರಿಸಬಹುದು, ನಮ್ಮ ಕಡೆಯ ಮಾತಿಗೆ ತಿರುಗಿಸಬಹುದು, ಹೊಸ ಚಿತ್ರ ಸೇರಿಸಬಹುದು, ಮಾರಲೂಬಹುದು. ಬರೆದವರ, ಚಿತ್ರ ಬಿಡಿಸಿದವರ, ಅನುವಾದ ಮಾಡಿದವರ ಹೆಸರು ಮಾತ್ರ ಬಿಡಬೇಡಿ.

ಪ್ರಶ್ನೆ: ನಾನು ಹರಿಹರದವನು, ಯೂಟ್ಯೂಬ್‌ನಲ್ಲಿ ಊರೂರಿನ ತಿಂಡಿ ಬಗ್ಗೆ ವಿಡಿಯೊ ಮಾಡ್ತೀನಿ. ಬೆಣ್ಣೆದೋಸೆ ವಿಡಿಯೊಗೆ ಒಂದು ಮ್ಯೂಸಿಕ್ ಹಾಕಿದ್ದೆ, ಸಿಸಿ ಬೈ-ಎನ್‌ಡಿ ಅಂತ ಇತ್ತು. ನಾನು ಮ್ಯೂಸಿಕ್ ಬದಲಾಯಿಸಿಲ್ಲ, ಹೆಸರೂ ಹಾಕಿದ್ದೀನಿ. ಆದರೂ ತಪ್ಪು ಅಂತಾರೆ. 10 ಸೆಕೆಂಡ್ ಒಳಗಿದ್ದರೆ ಏನೂ ಆಗಲ್ಲ ಅಂತ ಗೆಳೆಯರು ಹೇಳ್ತಾರೆ, ನಿಜಾನಾ?
– ಕಾಲೇಜು ವಿದ್ಯಾರ್ಥಿ, ಹರಿಹರ

ಹತ್ತು ಸೆಕೆಂಡ್ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ. ಅದನ್ನು ಮರೆತುಬಿಡು. 'ಕ್ರೆಡಿಟ್ ಮೂಲದವರಿಗೆ' ಅಂತ ಬರೆದರೆ ಸಾಕು ಅನ್ನುವುದೂ ಅದೇ ಥರದ ಮಾತು. ಲೈಸೆನ್ಸ್ ಇಲ್ಲದ ಹಾಡಿಗೆ ಹೆಸರು ಹಾಕಿದರೂ ಅನುಮತಿ ಸಿಕ್ಕ ಹಾಗಲ್ಲ.

ಎನ್‌ಡಿ ವಿಷಯದಲ್ಲಿ ನೀನು ಎಡವಿದ್ದು ಸಹಜ, ದೊಡ್ಡವರೂ ಎಡವುತ್ತಾರೆ. ಹಾಡಿನ ಒಂದು ಸ್ವರವನ್ನೂ ನೀನು ಮುಟ್ಟಿಲ್ಲ, ನಿಜ. ಆದರೆ ಸಿಸಿ ಲೈಸೆನ್ಸ್‌ಗಳು ಒಂದು ವಿಷಯ ಬಿಡಿಸಿ ಹೇಳಿವೆ: ಸಂಗೀತವನ್ನು ಓಡುವ ಚಿತ್ರದ ಜೊತೆ ತಾಳೆ ಹಾಕಿ ಕೂರಿಸಿದರೆ ಅದು ಹೊಸ ಕೃತಿ, ಬದಲಾವಣೆಯ ಲೆಕ್ಕಕ್ಕೇ ಬರುತ್ತದೆ. ದೋಸೆ ಕಾವಲಿಯ ಮೇಲೆ ಬೆಣ್ಣೆ ಬಿದ್ದ ಕೂಡಲೇ ಡೋಲು ಬಾರಿಸುವ ಹಾಗೆ ಹೊಂದಿಸಿದ್ದೀಯಲ್ಲ, ಅದೇ. ಹಾಗಾಗಿ ಎನ್‌ಡಿ ಇರುವ ಸಂಗೀತ ವಿಡಿಯೊಗೆ ಬರುವುದೇ ಇಲ್ಲ. ಎಸ್ಎ ಇರುವ ಸಂಗೀತ ಹಾಕಿದರೆ ನಿನ್ನ ವಿಡಿಯೊವನ್ನೂ ಎಸ್ಎ ಲೈಸೆನ್ಸ್‌ನಲ್ಲಿ ಬಿಡಬೇಕು. ಜಾಹೀರಾತಿನಿಂದ ದುಡ್ಡು ಬರುವ ಚಾನೆಲ್ ಆದರೆ ಎನ್‌ಸಿಯೂ ಬೇಡ. ಉಳಿದದ್ದು ಸಿಸಿ ಬೈ ಮತ್ತು ಸಿಸಿ ಝೀರೊ, ಅದರಲ್ಲೇ ಹುಡುಕು, ಬೇಕಾದಷ್ಟು ಸಿಗುತ್ತದೆ. ಈಗಿನ ವಿಡಿಯೊದ ಸಂಗೀತ ಇವತ್ತೇ ತೆಗೆದುಬಿಡು. ಇಲ್ಲ ಅಂದರೆ ಹರಿಹರೇಶ್ವರ ಗುಡಿಯ ಮುಂದೆ ಬಾರಿಸುವವರ ಹತ್ತಿರ ಹೋಗಿ, ಕೇಳಿ, ಒಪ್ಪಿದರೆ ರೆಕಾರ್ಡ್ ಮಾಡಿಕೊಂಡು ಅವರ ಹೆಸರು ಹಾಕು. ವಿಡಿಯೊಗೆ ನಮ್ಮ ಊರಿನ ಸದ್ದೂ ಬರುತ್ತದೆ.

ಪ್ರಶ್ನೆ: ನಮ್ಮ ಹಟ್ಟಿಯ ಅಜ್ಜಿಯರು ಜುಂಜಪ್ಪನ ಕತೆ, ಸೋಬಾನೆ ಪದ ಹಾಡುತ್ತಾರೆ. ಗಣೆ ಊದುವವರೂ ಇದ್ದಾರೆ. ನಾನು ಫೋನ್‌ನಲ್ಲೇ 40 ಹಾಡು ರೆಕಾರ್ಡ್ ಮಾಡಿದ್ದೇನೆ. ಎಲ್ಲರಿಗೂ ಸಿಗಲಿ ಅಂತ ನೆಟ್‌ಗೆ ಹಾಕುವ ಆಸೆ. ಜಾನಪದಕ್ಕೆ ಕಾಪಿರೈಟ್ ಇಲ್ಲ ಅಂತಾರೆ. ಯಾವ ಲೈಸೆನ್ಸ್ ಹಾಕಲಿ?
– ಎಂ.ಎ. ವಿದ್ಯಾರ್ಥಿನಿ, ಹಿರಿಯೂರು ತಾಲ್ಲೂಕು

ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಮಾಡುತ್ತಿರುವ ಕೆಲಸ ತುಂಬಾ ದೊಡ್ಡದು. ಅದಕ್ಕೇ ಅವಸರ ಮಾಡಬೇಡಿ ಅಂತ ಹೇಳುತ್ತಿದ್ದೇನೆ.

ಜಾನಪದಕ್ಕೆ ಕಾಪಿರೈಟ್ ಇಲ್ಲ ಅನ್ನುವುದು ಅರ್ಧ ಸತ್ಯ. ಹಾಡು ಯಾರೋ ಒಬ್ಬರದಲ್ಲ, ಸರಿ. ತಲೆಮಾರಿನಿಂದ ಬಾಯಿಂದ ಬಾಯಿಗೆ ಬಂದದ್ದು. ಆದರೆ ನಿಮ್ಮ ಫೋನ್‌ನಲ್ಲಿ ಇರುವುದು ಬರೀ ಹಾಡಲ್ಲ, ಆ ಅಜ್ಜಿ ಆ ದಿನ ಹಾಡಿದ ಹಾಡು. ಹಾಡಿದವರಿಗೆ ನಮ್ಮ ಕಾಯ್ದೆಯಲ್ಲಿ ಬೇರೆಯೇ ಹಕ್ಕಿದೆ, ಅದು 50 ವರ್ಷ ಇರುತ್ತದೆ. ರೆಕಾರ್ಡಿಂಗ್ ಮೇಲೆ ಅದನ್ನು ಮಾಡಿದವರಿಗೆ, ಅಂದರೆ ನಿಮಗೆ, ಪ್ರಕಟವಾದ ಮೇಲೆ 60 ವರ್ಷ ಹಕ್ಕಿರುತ್ತದೆ. ಲೈಸೆನ್ಸ್ ಕೊಡಬೇಕು ಅಂದರೆ ನಮ್ಮ ಕೈಯಲ್ಲಿ ಇರುವುದನ್ನಷ್ಟೇ ಕೊಡಲು ಸಾಧ್ಯ. ನಿಮ್ಮ ಪಾಲು ನಿಮ್ಮ ಕೈಯಲ್ಲಿದೆ. ಅಜ್ಜಿಯ ಪಾಲು ಅಜ್ಜಿಯ ಕೈಯಲ್ಲಿದೆ. ಅವರನ್ನು ಕೇಳದೆ 40 ಹಾಡಿಗೂ ಸಿಸಿ ಗುರುತು ಒತ್ತಿದರೆ ಬೇರೆಯವರ ಮನೆಯ ಬೀಗ ನಾವು ತೆಗೆದುಕೊಟ್ಟ ಹಾಗೆ.

ಕೇಳುವುದು ಅಂದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದಲ್ಲ. ಕೂತು ಹೇಳಬೇಕು. 'ಅಜ್ಜೀ, ಇದನ್ನು ನೆಟ್‌ಗೆ ಹಾಕಿದರೆ ಯಾವ ಊರಿನವರು ಬೇಕಾದರೂ ಕೇಳ್ತಾರೆ, ಇಳಿಸಿಕೊಳ್ತಾರೆ, ಸಿನಿಮಾದವರೂ ತಗೋಬಹುದು, ಒಂದು ಸಲ ಬಿಟ್ಟ ಮೇಲೆ ವಾಪಸ್ ಕರೆಯೋಕಾಗಲ್ಲ, ನಿನ್ನ ಹೆಸರು ಹಾಕ್ತೀನಿ, ಹಾಕಲಾ?' ಅಂತ. ವಾಪಸ್ ಕರೆಯಲು ಆಗುವುದಿಲ್ಲ ಅನ್ನುವ ಮಾತು ಬಹಳ ಮುಖ್ಯ, ಸಿಸಿ ಲೈಸೆನ್ಸ್ ಕೊಟ್ಟ ಮೇಲೆ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಅವರು ಹೇಳಿದ ಉತ್ತರವನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಜೊತೆಗೆ ಒಂದು ಹಾಳೆಯಲ್ಲಿ ಬರೆದು ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಿ. ಕೆಲವು ಪದಗಳನ್ನು ದೇವರ ಕಾರ್ಯದಲ್ಲಿ ಮಾತ್ರ ಹಾಡುವ ರೂಢಿ ಇದ್ದರೆ, ಹೊರಗೆ ಬೇಡ ಅಂದರೆ, ಅವನ್ನು ಬಿಟ್ಟುಬಿಡಿ. ಸಿಸಿ ಇರುವುದು ಕೊಡಲು ಮನಸ್ಸಿರುವವರಿಗೆ. ಎಲ್ಲವನ್ನೂ ಕೊಡಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಅವರು ಒಪ್ಪಿದ ಮೇಲೆ ಯಾವ ಲೈಸೆನ್ಸ್ ಅಂತ ನೋಡೋಣ. 'ಕಂಪನಿಯವರು ನಮ್ಮ ಹಾಡಿನಿಂದ ದುಡ್ಡು ಮಾಡಬಾರದು' ಅಂತ ಅವರಿಗಿದ್ದರೆ ಎನ್‌ಸಿ ಇರುವುದನ್ನು ಹಾಕಿ. ಆದರೆ ಎರಡು ವಿಷಯ ಗೊತ್ತಿರಲಿ. ವಿಕಿಪೀಡಿಯದ ಚಿತ್ರ, ಹಾಡು, ವಿಡಿಯೊಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್ ತಾಣದಲ್ಲಿ ಎನ್‌ಸಿ, ಎನ್‌ಡಿ ಇರುವುದನ್ನು ತಗೊಳ್ಳುವುದಿಲ್ಲ, ಹಾಗಾಗಿ ಬೇರೆ ಜಾಗ ಹುಡುಕಬೇಕು. ಇನ್ನೊಂದು, ಎನ್‌ಸಿ ಹಾಕಿದರೂ ಅದೇ ಪದವನ್ನು ಬೇರೆ ಗಾಯಕರು ಹೊಸದಾಗಿ ಹಾಡಿ ಮಾರಿದರೆ ತಡೆಯಲಾಗದು, ಯಾಕೆಂದರೆ ನಿಮ್ಮ ಲೈಸೆನ್ಸ್ ಈ ರೆಕಾರ್ಡಿಂಗ್‌ಗೆ ಮಾತ್ರ. ನನ್ನನ್ನು ಕೇಳಿದರೆ ಬೈ-ಎಸ್ಎ ಒಳ್ಳೆಯದು. ಯಾರಾದರೂ ಇದರಿಂದ ಹೊಸದು ಮಾಡಿದರೆ ಅದನ್ನೂ ಎಲ್ಲರಿಗೂ ಬಿಡಬೇಕಾಗುತ್ತದೆ, ನಿಮ್ಮ ಹಟ್ಟಿಯ ಹುಡುಗರೂ ಅದನ್ನು ಬಳಸಬಹುದು. ಆದರೆ ಇದು ನನ್ನ ಆಸೆ. ತೀರ್ಮಾನ ಹಾಡಿದವರದು.

ಹೆಸರು ಹಾಕುವಾಗ ಇಡೀ ಸಾಲನ್ನು ನೀವೇ ಬರೆದಿಡಿ: ಹಾಡಿದವರು ಇಂಥವರು, ಇಂಥ ಹಟ್ಟಿ, ರೆಕಾರ್ಡ್ ಮಾಡಿದವರು ಇಂಥವರು, ಇಂಥ ವರ್ಷ. ಬಳಸುವವರು ನೀವು ಕೊಟ್ಟ ಆ ಸಾಲನ್ನೇ ಹಾಕಬೇಕಾಗುತ್ತದೆ. 'ಸಂಗ್ರಹ' ಅಂತ ನಿಮ್ಮ ಹೆಸರೊಂದನ್ನೇ ಬರೆದರೆ ಅಜ್ಜಿಯ ಹೆಸರು ಅಲ್ಲಿಗೇ ಕಳೆದುಹೋಗುತ್ತದೆ. ನಮ್ಮಲ್ಲಿ ಎಷ್ಟೋ ಹಳೆಯ ಸಂಗ್ರಹಗಳಲ್ಲಿ ಹಾಗೇ ಆಗಿದೆ.

ಪ್ರಶ್ನೆ: ನಮ್ಮ ತಳುಕಿನ ಹಿರಿಯ ಸಾಹಿತಿಗಳ ಹಳೆಯ ಬರಹಗಳನ್ನು ಊರಿನವರೇ ಸೇರಿ ಮರುಮುದ್ರಣ ಮಾಡಬೇಕು ಅಂತಿದ್ದೇವೆ. ಟಿ.ಎಸ್. ವೆಂಕಣ್ಣಯ್ಯ, ತ.ರಾ.ಸು. ಇಬ್ಬರದೂ. ಯಾರ ಅನುಮತಿ ಬೇಕು?
– ನಿವೃತ್ತ ನೌಕರರು, ಚಳ್ಳಕೆರೆ

ಇಬ್ಬರೂ ಒಂದೇ ಮನೆತನದವರು, ಆದರೆ ಕಾನೂನಿನ ಲೆಕ್ಕದಲ್ಲಿ ಬೇರೆ ಬೇರೆ ಕಡೆ ನಿಲ್ಲುತ್ತಾರೆ. ಬರಹಗಾರರು ಇರುವಷ್ಟು ಕಾಲ, ಅವರು ತೀರಿಕೊಂಡ ಮುಂದಿನ ಜನವರಿ 1ರಿಂದ 60 ವರ್ಷ, ಇಷ್ಟು ದಿನ ಕಾಪಿರೈಟ್ ಇರುತ್ತದೆ. ಮೊದಲು 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಅವಧಿ ಮುಗಿಯುತ್ತಾ ಬಂದಾಗ ಅದನ್ನು 60ಕ್ಕೆ ಏರಿಸಿದರು. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅವರು ಒಬ್ಬರೇ ಬರೆದು, ಅವರಿದ್ದಾಗಲೇ ಪ್ರಕಟವಾದದ್ದು ಇವತ್ತು ಎಲ್ಲರದ್ದು, ಯಾರನ್ನೂ ಕೇಳಬೇಕಿಲ್ಲ. ಬೇರೆಯವರ ಜೊತೆ ಸೇರಿ ಬರೆದದ್ದಾದರೆ ಕೊನೆಗೆ ತೀರಿಕೊಂಡವರಿಂದ ವರ್ಷ ಎಣಿಸಬೇಕು. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಅವರ ಕಾದಂಬರಿಗಳ ಹಕ್ಕು 2044ರ ಡಿಸೆಂಬರ್ 31ರವರೆಗೆ ಇರುತ್ತದೆ. ಅವರ ವಾರಸುದಾರರಿಂದ, ಇಲ್ಲವೇ ಹಕ್ಕು ಪಡೆದ ಪ್ರಕಾಶಕರಿಂದ ಬರವಣಿಗೆಯಲ್ಲೇ ಅನುಮತಿ ತಗೊಳ್ಳಿ, ಬಾಯಿಮಾತು ಸಾಲದು.

ಒಂದು ಎಚ್ಚರ. ಕೃತಿ ಹಳೆಯದಾದರೂ ನಿಮ್ಮ ಕೈಗೆ ಸಿಕ್ಕ ಪುಸ್ತಕ ಹೊಸದಿರಬಹುದು. ವಚನಗಳು 12ನೇ ಶತಮಾನದ್ದು, ಆದರೆ ಮೊನ್ನೆ ಮೊನ್ನೆ ಯಾರೋ ಬರೆದ ಮುನ್ನುಡಿ, ಟಿಪ್ಪಣಿ, ಅರ್ಥ ಅವರದೇ. ಸ್ಕ್ಯಾನ್ ಮಾಡಿ ಇಡೀ ಪುಸ್ತಕ ಹಾಗೇ ಒತ್ತಿಸಬೇಡಿ. ಮೂಲ ಮಾತ್ರ ತಗೊಂಡು ಹೊಸದಾಗಿ ಟೈಪ್ ಮಾಡಿಸಿ.

ಇನ್ನೊಂದು ದಾರಿಯೂ ಇದೆ, ಅದರ ಬಗ್ಗೆ ನನಗೆ ತುಂಬಾ ಆಸೆ. 60 ವರ್ಷ ಕಾಯದೆಯೇ ಕುಟುಂಬದವರು ಕೃತಿಗಳನ್ನು ಸಿಸಿ ಲೈಸೆನ್ಸ್‌ನಲ್ಲಿ ಬಿಡಬಹುದು. ನಿರಂಜನ ಅವರ ಹಲವಾರು ಪುಸ್ತಕಗಳನ್ನು 2014ರಲ್ಲಿ ಅವರ ಕುಟುಂಬ ಹೀಗೆ ಬೈ-ಎಸ್ಎ ಲೈಸೆನ್ಸ್‌ನಲ್ಲಿ ಬಿಟ್ಟಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಬಿಟ್ಟಿತು. ಪುಸ್ತಕದಂಗಡಿಯಲ್ಲಿ ಸಿಗದ ಪುಸ್ತಕಕ್ಕೆ ಕಾಪಿರೈಟ್ ಇದ್ದು ಯಾರಿಗೆ ಏನು ಸಿಕ್ಕಿತು ಹೇಳಿ? ಓದುವವರಿಗೆ ಪುಸ್ತಕ ಇಲ್ಲ, ಮನೆಯವರಿಗೆ ದುಡ್ಡೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಸಣ್ಣ ಸಣ್ಣ ಕವಿಗಳು, ನಾಟಕ ಬರೆದವರು ಎಷ್ಟು ಜನ ಇದ್ದರು. ಒಂದೇ ಮುದ್ರಣ ಕಂಡು, ಈಗ ಅಟ್ಟದ ಮೇಲೆ ಗೆದ್ದಲು ಹಿಡಿದು ಬಿದ್ದಿವೆ. ಅವರ ಮಕ್ಕಳ ಮನೆಗೆ ಹೋಗಿ, ಕೂತು, ಹೀಗೊಂದು ದಾರಿ ಇದೆ ಅಂತ ಹೇಳಿ. ನಿಮ್ಮಂಥ ಊರಿನ ಹಿರಿಯರು ಹೇಳಿದರೆ ಕೇಳುತ್ತಾರೆ.

ಪ್ರಶ್ನೆ: ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರ ಫೋಟೊ ತೆಗೆದು ಸಿಸಿ ಬೈ ಅಂತ ಹಾಕಿದ್ದೆ. ಈಗ ಯಾವುದೋ ಕಂಪನಿ ಅದನ್ನು ತಿಂಡಿ ಪ್ಯಾಕೆಟ್ ಮೇಲೆ ಹಾಕಿಕೊಂಡಿದೆ. ಅವರು ಲಕ್ಷಗಟ್ಟಲೆ ದುಡಿಯುತ್ತಾರೆ, ನನಗೇನೂ ಇಲ್ಲ. ಲೈಸೆನ್ಸ್ ರದ್ದು ಮಾಡಬಹುದಾ?
– ಹವ್ಯಾಸಿ ಫೋಟೊಗ್ರಾಫರ್, ದಾವಣಗೆರೆ

ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ರದ್ದು ಮಾಡಲು ಬರುವುದಿಲ್ಲ. ನೀವು ಪುಟದಿಂದ ತೆಗೆಯಬಹುದು, ಮುಂದಿನ ಫೋಟೊಗಳಿಗೆ ಬೇರೆ ಲೈಸೆನ್ಸ್ ಹಾಕಬಹುದು, ಆದರೆ ಈಗಾಗಲೇ ತಗೊಂಡವರ ಅನುಮತಿ ಹಾಗೇ ಉಳಿಯುತ್ತದೆ. ದುಡಿಯಬಾರದು ಅಂತ ಬೈ ಲೈಸೆನ್ಸ್‌ನಲ್ಲಿ ಎಲ್ಲೂ ಇಲ್ಲ. ಪ್ಯಾಕೆಟ್ ಮೇಲೆ ನಿಮ್ಮ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಖಂಡಿತ ಕೇಳಿ.

ನನಗೆ ಚಿಂತೆ ಆಗಿದ್ದು ಆ ಹೆಂಗಸಿನ ಬಗ್ಗೆ. ಲೈಸೆನ್ಸ್ ನಿಮ್ಮ ಫೋಟೊದ ಕಾಪಿರೈಟ್ ಬಗ್ಗೆ ಮಾತ್ರ ಮಾತಾಡುತ್ತದೆ. ಅದರೊಳಗಿನ ಮುಖ ಅವರದು. ತಮ್ಮ ಮುಖ ವ್ಯಾಪಾರದ ಪ್ಯಾಕೆಟ್ ಮೇಲೆ ಬೇಡ ಅನ್ನುವ ಹಕ್ಕು ಅವರಿಗೆ ಬೇರೆಯಾಗಿಯೇ ಇದೆ, ಅದನ್ನು ನೀವು ಕೊಟ್ಟುಬಿಡಲು ಆಗುವುದಿಲ್ಲ. ನಾಳೆಯೇ ಹೋಗಿ ಆ ಪ್ಯಾಕೆಟ್ ಅವರಿಗೆ ತೋರಿಸಿ. ಬೆಂಕಿಯ ಮುಂದೆ ದಿನವಿಡೀ ಮಂಡಕ್ಕಿ ಹುರಿಯುವವರಿಗೆ ತಮ್ಮ ಮುಖ ಮಾರಾಟಕ್ಕೆ ಹೋಗಿದ್ದು ಗೊತ್ತೇ ಇಲ್ಲದಿರಬಹುದು. ಅವರಿಗೆ ಬೇಡ ಅನ್ನಿಸಿದರೆ, ಅಥವಾ ಏನಾದರೂ ಕೊಡಿ ಅಂತ ಕೇಳಬೇಕು ಅನ್ನಿಸಿದರೆ, ಕಂಪನಿಗೆ ಪತ್ರ ಬರೆಯಲು ಅವರ ಜೊತೆ ನಿಂತುಕೊಳ್ಳಿ. ಒಬ್ಬ ವಕೀಲರನ್ನೂ ಕಾಣಿ. ಮುಂದೆ ಮುಖ ಕಾಣುವ ಫೋಟೊ ಹಾಕುವ ಮುಂಚೆ ಅವರನ್ನು ಕೇಳಿ, ಕೇಳಲು ಆಗದಿದ್ದರೆ ಕೈ, ಮೊರ, ಒಲೆ ತೆಗೆಯಿರಿ.

ಉಳಿದ ನಾಲ್ಕಕ್ಕೆ ಚಿಕ್ಕದಾಗಿ ಉತ್ತರಿಸುತ್ತೇನೆ.

ದುರ್ಗದಲ್ಲಿ ನಿಂತಿರುವ ಒನಕೆ ಓಬವ್ವನ ಪ್ರತಿಮೆಯ ಫೋಟೊ ತೆಗೆದು ಮಾರಬಹುದಾ ಅಂತ ಒಬ್ಬರು ಕೇಳಿದ್ದಾರೆ. ತೆಗೆಯಬಹುದು. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇಟ್ಟ ಶಿಲ್ಪದ ಫೋಟೊ ತೆಗೆಯಲು, ಚಿತ್ರ ಬರೆಯಲು ಕಾಯ್ದೆಯೇ ಬಿಟ್ಟಿದೆ. ಅದನ್ನೇ ನೋಡಿ ಇನ್ನೊಂದು ಪ್ರತಿಮೆ ಮಾಡುವುದಕ್ಕೆ ಮಾತ್ರ ಈ ರಿಯಾಯ್ತಿ ಇಲ್ಲ.

ಮದುವೆ ಫೋಟೊವನ್ನು ಸ್ಟುಡಿಯೊದವರು ಕೇಳದೆ ಬೋರ್ಡಿಗೆ ಹಾಕಿದ್ದಾರೆ, ಹಕ್ಕು ಯಾರದು ಅಂತ ಜಗಳೂರಿನಿಂದ ಒಬ್ಬ ಅಕ್ಕ ಕೇಳಿದ್ದಾರೆ. ಅಕ್ಕಾ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದು. ಬೇರೆ ಕರಾರು ಮಾಡಿಕೊಂಡಿದ್ದರೆ ಮಾತ್ರ ಲೆಕ್ಕ ಬದಲು. ಬಿಲ್ ತಿರುಗಿಸಿ ನೋಡಿ, ಏನೂ ಬರೆದಿಲ್ಲ ಅಂದರೆ ಧೈರ್ಯವಾಗಿ ತೆಗೆಸಿ.

ಕನ್ನಡ ವಿಕಿಪೀಡಿಯದ ಲೇಖನವನ್ನು ಊರಿನ ಜಾತ್ರೆ ಪುಸ್ತಕಕ್ಕೆ ಹಾಕಬಹುದಾ? ಹಾಕಬಹುದು. ಅದರ ಬರಹ ಸಿಸಿ ಬೈ-ಎಸ್ಎ ಲೈಸೆನ್ಸ್‌ನಲ್ಲಿದೆ. ಲೇಖನದ ಹೆಸರು, ವಿಳಾಸ, ಲೈಸೆನ್ಸ್ ಬರೆಯಿರಿ. ತಿದ್ದಿ ಹಾಕಿದರೆ ಆ ಲೇಖನವಷ್ಟೇ ಅದೇ ಲೈಸೆನ್ಸ್‌ನಲ್ಲಿ ಇರಬೇಕು. ಚಿತ್ರಗಳ ಲೈಸೆನ್ಸ್ ಒಂದೊಂದೂ ಬೇರೆ, ಚಿತ್ರದ ಮೇಲೆ ಒತ್ತಿ ನೋಡಿ.

ಮೊದಲ ಪತ್ರದ ಫ್ಲೆಕ್ಸ್ ಅಂಗಡಿಯವರೇ ಕೊನೆಯಲ್ಲಿ ಕೇಳಿದ್ದಾರೆ, ಕದ್ದ ಫಾಂಟ್ ಬಿಟ್ಟು ಬೇರೆ ಏನಿದೆ ಅಂತ. ನೋಟೊ ಸ್ಯಾನ್ಸ್ ಕನ್ನಡ ಇದೆ, ದಪ್ಪ ಅಕ್ಷರ ಬೇಕು ಅಂದರೆ ಬಾಲೂ ತಮ್ಮ ಇದೆ. ಎರಡೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಫ್ಲೆಕ್ಸ್, ಕ್ಯಾಲೆಂಡರ್, ಲಗ್ನಪತ್ರಿಕೆ ಎಷ್ಟು ಬೇಕಾದರೂ ಮಾಡಿ ಮಾರಿ, ಅದರ ಮೇಲೆ ಫಾಂಟ್‌ನವರ ಹೆಸರು ಹಾಕಬೇಕು ಅಂತಲೂ ಇಲ್ಲ. ಫಾಂಟ್ ಒಂದನ್ನೇ ಬೇರೆಯಾಗಿ ಮಾರುವ ಹಾಗಿಲ್ಲ, ಅಷ್ಟೇ.